ಎಣ್ಣೆ ಬಂದಾಗ

ಬೇರಿಂಗಿನ ಹೊರಬಳೆ ತಿರುಗುವುದಿಲ್ಲ.
ಪಂಜರದಂಥ ಸ್ಪ್ರಿಂಗೊಂದು ಹಿಡಿದಿದೆ ಅದನ್ನು.
ತಿರುಗುವುದು ಒಳಗಿನ ಉಕ್ಕು, ನಿಮಿಷಕ್ಕೆ ಸಾವಿರಗಟ್ಟಲೆ;
ಹೊರಬಳೆ ಬರೀ ಸುಳಿಯುತ್ತದೆ,
ಒಂದೇ ದಿಕ್ಕಿಗೆ ಮುಖವಿಟ್ಟು ಪ್ರದಕ್ಷಿಣೆ ಬರುವವರ ಹಾಗೆ.
ಅದಕ್ಕೂ ಗೂಡಿಗೂ ನಡುವೆ ಸಂದು,
ಎರಡು ಕೂದಲೆಳೆ ಮಲಗಿದರೆ ತುಂಬಿಹೋಗುವಷ್ಟು.
ಅಲ್ಲಿ ಎಣ್ಣೆ.

ಈ ಎಣ್ಣೆ ಭಾರ ಹೊರುವುದಿಲ್ಲ, ಎನ್ನುತ್ತಾನೆ ಕ್ಸಾವೆರಿ,
ಹೊರುವ ಕೂಲಿ ಸ್ಪ್ರಿಂಗಿನದು.
ಎಲ್ಲಿದ್ದೀ ಎಂದು ಎಣ್ಣೆ ಕೇಳುವುದಿಲ್ಲ,
ಎಷ್ಟು ಬೇಗ ಬರುತ್ತಿದ್ದೀ ಎಂದಷ್ಟೇ.
ಮೆಲ್ಲಗೆ ಬಂದರೆ ದಾರಿ ಬಿಡುತ್ತದೆ,
ಮೈಮೇಲೆ ಬಿದ್ದರೆ ಗೋಡೆ.

ಹೊರಗೆ ಎಲ್ಬ್ಲೊಂಗ್. ನವೆಂಬರ್. ನಾಲ್ಕಕ್ಕೇ ಕತ್ತಲು.
ಬೇಸಿಗೆಯಲ್ಲಿ ಹಳಿಯೇರಿ ಹುಲ್ಲುಗುಡ್ಡ ಹತ್ತುವ ದೋಣಿಗಳು
ತಾಡಪಾಲು ಹೊದ್ದು ಕಾಲುವೆಯ ದಂಡೆಗೆ ಮಲಗಿವೆ.
ಕಾರ್ಖಾನೆಯ ಕೊನೆಯ ಷೆಡ್ಡಿನಲ್ಲಿ ಇಬ್ಬರು:
ಮೂವತ್ತೊಂಬತ್ತು ವರ್ಷ ಟರ್ಬೈನು ಆಲಿಸಿದ ಇವನು,
ಅಕ್ರಿಲಿಕ್ಕಿನಲ್ಲಿ ಗೂಡನ್ನು ತಾನೇ ಕಡೆದ ಒತಿಲಿಯಾ.
ಎಣ್ಣೆ ಕಾಣಲಿ ಎಂದು.
ಕಂಡು ಏನಾಗಬೇಕು, ಗೊಣಗಿದ್ದ,
ಹಾಲು ಉಕ್ಕುವುದು ನನ್ನ ತಾಯಿಗೆ
ಪಕ್ಕದ ಕೋಣೆಯಿಂದಲೇ ತಿಳಿಯುತ್ತಿತ್ತು.

ತಟ್ಟೆಗೆ ಒಂದು ತಿರುಪು ಹೆಚ್ಚಿಗೆ ಬಿಗಿದಿದ್ದಾರೆ, ಹನ್ನೆರಡು ಗ್ರಾಂ,
ಬೇಕೆಂದೇ ತಂದುಕೊಂಡ ತಪ್ಪು.
ಸಾವಿರದೆಂಟುನೂರು. ಎರಡು ಸಾವಿರ.
ಗಾಜಿನ ಲೋಟದ ಚಹಾದ ಮೇಲೆ ಉಂಗುರ, ಉಂಗುರದೊಳಗೆ ಉಂಗುರ.
ಎರಡು ಸಾವಿರದ ಆರುನೂರು.
ಇದೇ ಹೊಸ್ತಿಲು. ಇಲ್ಲಿ ನಿಲ್ಲಬಾರದು,
ದಾಟಬೇಕು, ಇಲ್ಲವೇ ಇಳಿಯಬೇಕು.
ಯಾರೋ ಹೆಸರು ಹಿಡಿದು ಕೂಗಿದಂತೆ
ಶಾಫ್ಟು ಬಿಲ್ಲಾಗುತ್ತದೆ.

ಸ್ಟ್ರೋಬ್ ದೀಪದ ಮಿಂಚಿಗೆ ಎಲ್ಲವೂ ನಿಂತಂತಿದೆ.
ಒತಿಲಿಯಾ ಬಗ್ಗಿ ನೋಡುತ್ತಾಳೆ.
ಹಿಂಡಿಸಿಕೊಂಡ ಕಡೆ ಜೇನಿನ ಬಣ್ಣ,
ಬಳೆ ಬಿಟ್ಟುಹೋದ ಕಡೆ ಎಳೆತ ತಾಳದೆ
ಬೆರಳು ಬೆರಳಾಗಿ ಬಿರುಕು, ಬಿರುಕಿಗೆ ಗಾಳಿ,
ಅಂಚಿನಿಂದ, ಕರೆಯದೆ.
ಬಳೆ ಮರಳಿ ಬಂದರೂ ಹೊರಡದು ಆ ಗಾಳಿ,
ನುಚ್ಚಾಗುತ್ತದೆ, ನೊರೆಯಾಗುತ್ತದೆ,
ಎಣ್ಣೆಯ ಮಾತಿನೊಳಗೇ ಕೂತು ಮಾತನ್ನು ಹಗುರ ಮಾಡುತ್ತದೆ.
ಎಷ್ಟು ಚೆಂದ! ಜರೀಗಿಡದ ಎಲೆ,
ಎಲೆಯ ತುದಿಗೆ ಇನ್ನೊಂದು ಎಲೆ.
ಸುತ್ತಿನ ಗುಬುಟಿನ ಮೇಲೆ ಅವಳ ಕೈ ಮರೆತು ನಿಂತಿದೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎನ್ನುತ್ತೇವೆ ನಮ್ಮಲ್ಲಿ,
ದಡ್ಡರ ಬಗ್ಗೆ.
ಕ್ಸಾವೆರಿ ಕಣ್ಣು ಮುಚ್ಚಿಕೊಂಡಿದ್ದಾನೆ.
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಪೀಠಕ್ಕೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಬಿಳುಚಿತು, ಎನ್ನುತ್ತಾನೆ.
ಮಾಪಕದ ಮುಳ್ಳು ಇನ್ನೂ ಹಸಿರಿನಲ್ಲೇ ಇತ್ತು.
ನೋಡಿದರೆ, ಜೇನೆಲ್ಲ ಮಜ್ಜಿಗೆ.
ಅವಳು ಕೆಂಪು ಗುಂಡಿ ಒತ್ತಿದ ಮೇಲೆ
ಮುಳ್ಳು ಹಾರಿತು, ಲೋಟ ಬಿತ್ತು.

ತಿರುಗಾಟ ಸಾಯಲು ಹನ್ನೊಂದು ನಿಮಿಷ ಬೇಕು.
ಅಷ್ಟು ಹೊತ್ತೂ ಯಾರೂ ಮಾತಾಡಲಿಲ್ಲ.
ಆಮೇಲೆ ಅವಳು: ನಿಂತುಬಿಟ್ಟೆ.
ಎಷ್ಟು ಹೊತ್ತು?
ಆರು ಸೆಕೆಂಡು.
ಅವನು ಚಹಾ ಒರೆಸುತ್ತಿದ್ದ, ನೆಲಕ್ಕೆ ಮೊಣಕಾಲೂರಿ.
ಬೈಗುಳಕ್ಕೆ ಕಾದಳು.
ಹೇಗಿತ್ತು, ಎಂದು ಕೇಳಿದ, ತಲೆ ಎತ್ತದೆ,
ಈ ವಯಸ್ಸಿನಲ್ಲಿ ಕೇಳಬಾರದ್ದನ್ನು ಕೇಳಿದವನಂತೆ.

ನಕ್ಷೆಯ ಕಾಗದದ ಹಿಂಬದಿಗೆ ಪೆನ್ಸಿಲಿನಲ್ಲಿ
ಬರೆದು ತೋರಿಸಿದಳು, ಎಲೆ, ಎಲೆಯ ತುದಿಗೆ ಎಲೆ.
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದ.
ಇದೇನಾ ಅದು, ಎಂದ. ಮೂವತ್ತೊಂಬತ್ತು ವರ್ಷ
ನಾನು ಅದನ್ನು ಜೀರುಂಡೆ ಅಂದುಕೊಂಡಿದ್ದೆ.

ಬೆಳಿಗ್ಗೆ ಸೀಲು ಬಿಗಿಮಾಡಿದರು, ಪಂಪಿನ ಒತ್ತಡ ಒಂದು ಬಾರ್ ಏರಿಸಿದರು.
ಸೀಸೆಯಲ್ಲಿ ಹಿಡಿದಿಟ್ಟ ನಿನ್ನೆಯ ಎಣ್ಣೆ
ಅರ್ಧ ತಿಳಿಯಾಗಿತ್ತು, ಗುಳ್ಳೆ ಇನ್ನೂ ಏರುತ್ತಿದ್ದವು,
ಅವಸರವಿಲ್ಲದೆ.
ವರದಿಗೆ ಹಾಳೆ ಹುಡುಕಿದಳು, ಸಿಗಲಿಲ್ಲ.
ಗೋಡೆಯ ಮೊಳೆಯಲ್ಲಿ ಕ್ಸಾವೆರಿಯ ಕೋಟು,
ಅದರ ಜೇಬಿನಿಂದ ಇಣುಕುವ ಮಡಿಕೆಯ ಮೂಲೆ.
ನಕ್ಷೆ ಏಳು: ಎಣ್ಣೆ ಬಿದ್ದು ಹಾಳಾಗಿದೆ,
ಎಂದು ಬರೆದು ಸಹಿ ಮಾಡಿದಳು.